ಹೊಯ್ಗೆಯಿಂದ ಸ್ಮಾರ್ಟ್ ಕ್ಲಾಸ್‌ವರೆಗೆ: ಪುತ್ತೂರು, ಸುಳ್ಯ, ಕಡಬ ಹೇಳುವ ಪಾಠ

2021ರ ಜೂನ್. ಎರಡನೇ ಅಲೆಯ ಲಾಕ್‌ಡೌನ್ ಇನ್ನೂ ಪೂರ್ತಿ ಮುಗಿದಿರಲಿಲ್ಲ. ನಮ್ಮ ನ್ಯೂಸ್ ಡೆಸ್ಕ್‌ಗೆ ಒಂದು ಫೋಟೋ ಬಂತು. ಸುಳ್ಯ ತಾಲೂಕಿನ ಗುತ್ತಿಗಾರು ಕಡೆಯದ್ದು. ಮಳೆ ಸುರಿಯುತ್ತಿದೆ. ಎಸ್ಸೆಸ್ಸೆಲ್ಸಿ ಓದುವ ಹುಡುಗಿ ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಕ್ಲಾಸ್ ಕೇಳ್ತಿದ್ದಾಳೆ. ಅವಳ ತಲೆಯ ಮೇಲೆ ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಮನೆಯಲ್ಲಿ ನೆಟ್‌ವರ್ಕ್ ಸಿಗಲ್ಲ, ಅಲ್ಲಿ ಸಿಗುತ್ತದೆ. ಅಷ್ಟೇ ಕಥೆ.

ನಾವು ಬಿಡ್ತೀವಾ? ದಿನವಿಡೀ ತೋರಿಸಿದೆವು. ಹಿನ್ನೆಲೆಗೆ ಸಂಗೀತ ಹಾಕಿದೆವು. ಅಪ್ಪನ ಪ್ರೀತಿ, ಮಗಳ ಛಲ ಅಂತ ನಾನೂ ಸ್ಟುಡಿಯೋದಲ್ಲಿ ಕೂತು ಗದ್ಗದಿತನಾಗಿ ಮಾತಾಡಿದೆ. ದೇಶವೇ ನೋಡಿತು. ಮರುದಿನ ಸುಳ್ಯ ಕಡೆಯ ಒಬ್ಬ ಮೇಷ್ಟ್ರು ಫೋನ್ ಮಾಡಿದರು. ಬೈಯಲಿಲ್ಲ. ತಣ್ಣಗೆ ಕೇಳಿದರು.

"ಆ ಕೊಡೆಯನ್ನು ತುಂಬ ಸಲ ತೋರಿಸಿದ್ರಿ, ಒಳ್ಳೆದಾಯ್ತು. ಆದ್ರೆ ಮಾರಾಯ್ರೆ, ನಮ್ಮಲ್ಲಿ ಮಳೆಗಾಲ ಹೊಸತಾ? ಗುಡ್ಡ ಹೊಸತಾ? ಮಕ್ಕಳು ಗುಡ್ಡ ಹತ್ತಲಿಕ್ಕೆ ಶುರು ಮಾಡಿ ವರ್ಷ ಆಯ್ತು. ನೀವೆಲ್ಲ ಎಲ್ಲಿದ್ದದ್ದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಓದಿದ್ದು ಎಂಜಿನಿಯರಿಂಗ್ ಆದ್ದರಿಂದ ನನ್ನ ತಲೆಗೆ ಮೊದಲು ಹೊಳೆದದ್ದು ಒಂದೇ ಪರಿಹಾರ, ಒಂದು ಟವರ್ ಹಾಕಿದರೆ ಆಯ್ತಲ್ಲ ಅಂತ. ಆಮೇಲೆ ಓದ್ತಾ ಹೋದೆ, ಆ ಕಡೆ ಓಡಾಡಿದೆ. ಆಗ ಗೊತ್ತಾಯ್ತು, ಇದು ಟವರ್‌ನಿಂದ ಶುರುವಾದ ಕಥೆ ಅಲ್ಲ, ಮೊಬೈಲ್‌ನಿಂದಲೂ ಅಲ್ಲ. ಪಾಠ ಹೇಳಲು ಹೊಸ ಸಾಧನ ಬರುವುದು, ಎಲ್ಲರೂ ಸಂಭ್ರಮಿಸುವುದು, ಕೆಲವು ಮಕ್ಕಳು ಹೊರಗೆ ಉಳಿಯುವುದು, ಇದಕ್ಕೆ ಇನ್ನೂರು ವರ್ಷಗಳ ಇತಿಹಾಸ ಇದೆ. ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಮೊದಲ ಸಾಧನ ಯಾವುದು ಗೊತ್ತಾ? ಮರಳು. ದಕ್ಷಿಣ ಕನ್ನಡದವರ ಬಾಯಲ್ಲಿ ಹೊಯ್ಗೆ. ನೆಲದ ಮೇಲೆ ಹೊಯ್ಗೆ ಹರಡಿ, ಮಗುವಿನ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ತಪ್ಪಾದರೆ ಅಂಗೈಯಿಂದ ಸವರಿದರೆ ಆಯ್ತು, ಮತ್ತೆ ಹೊಸ ಪುಟ. ಖರ್ಚು ಸೊನ್ನೆ. ಅಕ್ಷರ ಕೂಡಿಬಂದ ಮೇಲೆ ಕಡತ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು, ಒಣಗಿಸಿ, ಮಡಚಿ ಮಾಡಿದ ಕಪ್ಪು ಪುಸ್ತಕ ಅದು. ಬಳಪದಲ್ಲಿ ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ನಾವಿವತ್ತು ಕೈಯಲ್ಲಿ ಹಿಡಿದಿರುವ ಟ್ಯಾಬ್ಲೆಟ್ ಮಾಡುವುದೂ ಇದನ್ನೇ ಅಲ್ಲವೇ?

ನಗಬೇಡಿ. ಈ ಮರಳಿನ ತಂತ್ರಜ್ಞಾನ ಎಕ್ಸ್‌ಪೋರ್ಟ್ ಆಗಿದೆ. ಆಂಡ್ರ್ಯೂ ಬೆಲ್ ಅಂತ ಒಬ್ಬ ಸ್ಕಾಟಿಷ್ ಪಾದ್ರಿ. 1789ರಲ್ಲಿ ಮದ್ರಾಸಿನ ಅನಾಥ ಗಂಡುಮಕ್ಕಳ ಶಾಲೆಗೆ ಮುಖ್ಯಸ್ಥನಾದ. ಅಲ್ಲಿನ ದೇಸೀ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡ. ನಮ್ಮಲ್ಲೂ ಹೀಗೇ ಕಲಿಸೋಣ ಅಂತ ತನ್ನ ಶಾಲೆಯ ಶಿಕ್ಷಕರಿಗೆ ಹೇಳಿದ. ಅವರು ಒಪ್ಪಲಿಲ್ಲ. ಬೆಲ್ ಏನು ಮಾಡಿದ ಅಂದರೆ, ಜಾನ್ ಫ್ರಿಸ್ಕನ್ ಅನ್ನುವ ಎಂಟು ವರ್ಷದ ಹುಡುಗನನ್ನೇ ಕರೆದು ಚಿಕ್ಕ ಮಕ್ಕಳಿಗೆ ಮರಳಿನಲ್ಲಿ ಅಕ್ಷರ ಕಲಿಸಲು ಬಿಟ್ಟ. ಕೆಲಸ ಆಯ್ತು. 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಈ ಕ್ರಮ 'ಮದ್ರಾಸ್ ಪದ್ಧತಿ' ಅಂತ ಹೆಸರಾಗಿ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಹಬ್ಬಿತು. ನಮ್ಮ ನೆಲದ ಮರಳು ಅಲ್ಲಿ ಸಿಸ್ಟಮ್ ಆಯ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಮರಳು ಹೊಸದಲ್ಲ, ಅದಕ್ಕೆ ಕಾಸೂ ಬೇಡ. ಆದರೂ ಕಲಿಸುವವರು ಒಪ್ಪದಿದ್ದಾಗ ಅದು ಕೆಲಸ ಮಾಡಲಿಲ್ಲ. ಕಲಿಸುವ ಮನಸ್ಸಿದ್ದ ಒಬ್ಬ ಹುಡುಗ ಸಿಕ್ಕಾಗ ಮಾಡಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಜಿಲ್ಲೆಗೆ ಬರೋಣ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ, ಎಲ್ಲ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದ್ತಿದ್ದಾರೆ ಅಂತ ಲೆಕ್ಕ ಕೇಳಿದ. ಮನ್ರೋಗೆ ಈ ಕರಾವಳಿ ಚೆನ್ನಾಗಿ ಗೊತ್ತು. ಟಿಪ್ಪುವಿನ ಪತನದ ನಂತರ ಕೆನರಾ ಜಿಲ್ಲೆಗೆ ಮೊದಲ ಕಲೆಕ್ಟರ್ ಆಗಿ ಬಂದವನೇ ಅವನು. ಬಳ್ಳಾರಿಯಿಂದ ಲೆಕ್ಕ ಬಂತು. 533 ಶಾಲೆ, 6,641 ಮಕ್ಕಳು. ಬಡತನದಿಂದ ಶಾಲೆಗಳು ಮುಚ್ಚುತ್ತಿವೆ ಅಂತಲೂ ಅಲ್ಲಿನ ಕಲೆಕ್ಟರ್ ಕ್ಯಾಂಪ್‌ಬೆಲ್ ಬರೆದ. ನಮ್ಮ ಕೆನರಾದಿಂದ ಏನು ಬಂತು? ಲೆಕ್ಕವೇ ಬರಲಿಲ್ಲ. ಇಲ್ಲಿ ಕಾಲೇಜುಗಳಿಲ್ಲ, ಓದು ಬಹುಪಾಲು ಮನೆಮನೆಯಲ್ಲಿ ಖಾಸಗಿಯಾಗಿ ನಡೆಯುತ್ತದೆ, ಪಟ್ಟಿ ತುಂಬಲು ಆಗುವುದಿಲ್ಲ ಅನ್ನುವ ಅರ್ಥದ ಉತ್ತರ ಹೋಯ್ತು.

ಯಾಕೆ ಹೀಗೆ? ಪುತ್ತೂರು, ಸುಳ್ಯ, ಕಡಬ ಕಡೆ ಹೋದವರಿಗೆ ಊಹಿಸುವುದು ಕಷ್ಟವಲ್ಲ. ಬಯಲುಸೀಮೆಯ ಹಾಗೆ ಇಲ್ಲಿ ಊರು ಅಂದರೆ ಮನೆಗಳ ಗುಂಪಲ್ಲ. ಒಂದು ತೋಟ, ಅದರ ತಲೆಯಲ್ಲಿ ಒಂದು ಮನೆ. ನಡುವೆ ತೋಡು, ಗುಡ್ಡ, ಕಾಡು. ಇನ್ನೊಂದು ಮನೆ ಆಚೆ. ಊರಿನ ನಡುವೆ ಮಠ ಕಟ್ಟಿ ಮಕ್ಕಳನ್ನು ಕೂರಿಸೋಣ ಅಂದರೆ ನಡು ಅನ್ನುವುದೇ ಇಲ್ಲ. ಹಾಗಾಗಿ ಅನುಕೂಲ ಇದ್ದ ಮನೆಗಳಲ್ಲಿ ಓದು ಇತ್ತು. ಇಲ್ಲದ ಮನೆಗಳ ಮಕ್ಕಳು ಯಾರ ಲೆಕ್ಕಕ್ಕೂ ಬರಲಿಲ್ಲ. ಅಂದು ಕಲೆಕ್ಟರ್‌ಗೆ ಪಟ್ಟಿ ತುಂಬಲು ಬಿಡದ ಅದೇ ಭೂಗೋಳ ಇಂದು ಸಿಗ್ನಲ್ ಹರಡಲು ಬಿಡುವುದಿಲ್ಲ. ಮೊಬೈಲ್ ತರಂಗಕ್ಕೆ ಅಡ್ಡ ಗುಡ್ಡ ಬಂದರೆ ಅದರ ಹಿಂದೆ ನೆರಳು. ಬಯಲಿನಲ್ಲಿ ಒಂದು ಟವರ್ ಹತ್ತು ಹಳ್ಳಿಗೆ ಸಾಕು. ಇಲ್ಲಿ ಒಂದೇ ಗ್ರಾಮಕ್ಕೆ ಎರಡು ಮೂರು ಬೇಕಾಗಬಹುದು. ಮನೆ ಚದುರಿರುವುದರಿಂದ ಗಿರಾಕಿ ಕಡಿಮೆ, ಗಿರಾಕಿ ಕಡಿಮೆ ಇದ್ದರೆ ಕಂಪನಿಗಳಿಗೆ ಆಸಕ್ತಿ ಕಡಿಮೆ.

ಎರಡನೇ ಸಾಧನ ಅಚ್ಚಿನ ಪುಸ್ತಕ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರು ಮಾಡಿದರು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರತಂದರು, ಕನ್ನಡದ ಮೊದಲ ಪತ್ರಿಕೆ. ಅವರ ಗುರಿ ಧರ್ಮಪ್ರಚಾರ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಆ ಪ್ರೆಸ್ಸಿನಿಂದ ಶಾಲಾಪುಸ್ತಕಗಳೂ ಬಂದವು, 1894ರಲ್ಲಿ ಕಿಟ್ಟೆಲ್ ನಿಘಂಟೂ ಬಂತು. ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದರು.

ತುಳುವಿನ ಮಾತು ಯಾಕೆ ತೆಗೆದೆ ಅಂದರೆ, ಈ ಮೂರು ತಾಲೂಕುಗಳ ಒಂದು ಕ್ಲಾಸಿಗೆ ಹೋಗಿ ನೋಡಿ. ಒಂದು ಮಗುವಿನ ಮನೆಭಾಷೆ ತುಳು, ಇನ್ನೊಂದರದ್ದು ಅರೆಭಾಷೆ, ಮತ್ತೊಂದರದ್ದು ಬ್ಯಾರಿ. ಮಲಯಾಳ, ಕೊಂಕಣಿ, ಹವ್ಯಕ ಕನ್ನಡ ಮಾತಾಡುವ ಮಕ್ಕಳೂ ಅಲ್ಲೇ. ಪಠ್ಯಪುಸ್ತಕ ಮಾತ್ರ ಒಂದೇ ಕನ್ನಡದಲ್ಲಿ ಮಾತಾಡುತ್ತದೆ. ಪುಸ್ತಕದ ಕನ್ನಡವನ್ನು ಮಗುವಿನ ಮನೆಭಾಷೆಗೆ ದಾಟಿಸುವವರು ಯಾರು? ಟೀಚರ್. ಬೆಂಗಳೂರಿನಲ್ಲಿ ರೆಕಾರ್ಡ್ ಆದ ವಿಡಿಯೋಗೆ ಎದುರಿಗೆ ಕೂತ ಮಗುವಿನ ಮುಖ ಕಾಣುವುದಿಲ್ಲ. ಟೀಚರ್‌ಗೆ ಕಾಣುತ್ತದೆ. 'ಎಂಚಿನ ಗೊತ್ತಾಯಿಜಿ' ಅಂತ ತುಳುವಿನಲ್ಲಿ ಕೇಳಬೇಕೋ, ಅರೆಭಾಷೆಯಲ್ಲಿ ಕೇಳಬೇಕೋ ಅವರಿಗೆ ಗೊತ್ತಿರುತ್ತದೆ.

ಅಚ್ಚು ಬಂದ ತಕ್ಷಣ ಮಕ್ಕಳಿಗೆ ಪುಸ್ತಕ ಸಿಕ್ಕಿತಾ? ಇಲ್ಲ. ಮಕ್ಕಳಿಗೆ ಬೇಕಾದಂಥದ್ದು ಸಿಗಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರ್ ಆಗಿ ಈ ಜಿಲ್ಲೆ ಸುತ್ತಿದವರು. ಕ್ಲಾಸಿನಲ್ಲಿ ಏನು ಕೊರತೆ ಇದೆ ಅಂತ ಕಂಡು, ಮಕ್ಕಳ ಬಾಯಿಗೆ ಹೊಂದುವ ಪದ್ಯ, ಕಥೆ ಬರೆದರು. ಅಚ್ಚುಮೊಳೆ ಯುರೋಪಿನಿಂದ ಬಂದಿರಬಹುದು. ಅದರಲ್ಲಿ ಏನು ಹಾಕಬೇಕು ಅನ್ನುವುದು ಇಲ್ಲಿನ ಶಾಲೆ ಸುತ್ತಿದ ಮೇಷ್ಟ್ರಿಗೆ ಗೊತ್ತಿತ್ತು.

ಇನ್ನು ಪುತ್ತೂರು. ಪುತ್ತೂರು ಅಂದರೆ ಶಿವರಾಮ ಕಾರಂತ. ಕೋಟದಲ್ಲಿ ಹುಟ್ಟಿದ ಕಾರಂತರು ಪುತ್ತೂರಿಗೆ ಬಂದು ನೆಲೆಸಿ, ಬಾಲವನ ಕಟ್ಟಿ, ಬಾಳಿನ ಬಹುಭಾಗ ಅಲ್ಲೇ ಕಳೆದರು. ಸಹಕಾರಿ ರಂಗದ ಮೊಳಹಳ್ಳಿ ಶಿವರಾಯರ ಜತೆ ಸೇರಿ ಪುತ್ತೂರಿನಲ್ಲಿ ದಸರಾ ಉತ್ಸವ ಮಾಡಿದರು. 1930ರ ದಶಕದಲ್ಲೇ ಬಾಲವನದಲ್ಲಿ ಮಕ್ಕಳ ಶಾಲೆಯ ಪ್ರಯೋಗ ನಡೆಸಿದರು. ಆಟ, ಚಿತ್ರ, ಕುಣಿತ, ಸುತ್ತಾಟ, ಇವುಗಳಿಂದಲೇ ಕಲಿಯಬೇಕು ಅನ್ನುವ ಹಟ.

ನಮ್ಮ ಜನ ಕಾರಂತರನ್ನು ಕಾದಂಬರಿಕಾರ, ಯಕ್ಷಗಾನದವರು, ಜ್ಞಾನಪೀಠದವರು ಅಂತ ನೆನೆಯುತ್ತಾರೆ. ಅವರೊಬ್ಬ ಟೆಕ್ನಾಲಜಿ ಮನುಷ್ಯ ಅನ್ನುವುದು ಮರೆತುಹೋಗಿದೆ. ಮೂಕಿ ಸಿನಿಮಾ ಮಾಡಿದವರು, ಕ್ಯಾಮರಾ ಹಿಡಿದು ಜಿಲ್ಲೆ ಸುತ್ತಿದವರು. 1934ರಲ್ಲಿ 'ಚಿತ್ರಮಯ ದಕ್ಷಿಣ ಕನ್ನಡ' ಅಂತ ಫೋಟೋಗಳ ಪುಸ್ತಕ ತಂದರು. 1936ರಲ್ಲಿ ಮೂರು ಸಂಪುಟಗಳ 'ಬಾಲ ಪ್ರಪಂಚ' ಬಂತು, ಕನ್ನಡದ ಮಕ್ಕಳಿಗಾಗಿ ಚಿತ್ರಸಹಿತ ವಿಶ್ವಕೋಶ. ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದರು. ಒಬ್ಬರೇ. ಹಿಂದೆ ಯೂನಿವರ್ಸಿಟಿ ಇಲ್ಲ, ಸಂಪಾದಕ ಮಂಡಳಿ ಇಲ್ಲ, ಕರೆಂಟ್ ಇಲ್ಲದ ಊರಿನ ಮಗುವಿಗೂ ನಕ್ಷತ್ರ, ಯಂತ್ರ, ಪ್ರಾಣಿ ಎಲ್ಲ ಕನ್ನಡದಲ್ಲೇ ಕಾಣಬೇಕು ಅನ್ನುವುದೊಂದೇ ಆಸೆ. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಪುತ್ತೂರಿನ ಗುಡ್ಡದಲ್ಲಿ ಕೂತು ಕನ್ನಡದ ಮಗುವಿಗೆ ಸರ್ಚ್ ಎಂಜಿನ್ ಕಟ್ಟಿದವರು ಅಂತ ನಾನು ಹೇಳಿದರೆ ಅತಿಶಯ ಆಗಲಾರದು.

ಬಾಲವನಕ್ಕೆ ನಾನು ಹೋಗಿದ್ದೇನೆ. ಕಾರಂತರ ಮನೆ ಅಲ್ಲಿದೆ. ಜನ ಬರ್ತಾರೆ, ಸೆಲ್ಫಿ ತೆಗೀತಾರೆ. ಆದರೆ ಅವರು ಮಾಡಿದ ಕೆಲಸದ ಮುಂದಿನ ಸಂಪುಟ ಎಲ್ಲಿ? ಇವತ್ತಿನ ಮಗು ಫೋನಿನಲ್ಲಿ ಗ್ರಹಣದ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಮೊದಲು ಸಿಗುವುದು ಯಾವ ರಾಶಿಗೆ ಏನು ಫಲ ಅನ್ನುವುದು. ಅದನ್ನು ಉಣಬಡಿಸುವುದರಲ್ಲಿ ನಮ್ಮಂಥ ಚಾನೆಲ್‌ಗಳ ಪಾಲೂ ಇದೆ. ಒಪ್ಪಿಕೊಳ್ಳೋಣ.

ಮೂರನೆಯದು ನಾನು ಕೆಲಸ ಮಾಡುವ ಪೆಟ್ಟಿಗೆ, ಟಿವಿ. ಭಾರತದ ಹಳ್ಳಿಗೆ ಟಿವಿ ಮೊದಲು ಹೋದದ್ದು ಸೀರಿಯಲ್ ತೋರಿಸಲು ಅಲ್ಲ, ಪಾಠ ಮಾಡಲು. ವಿಕ್ರಮ್ ಸಾರಾಭಾಯಿ ಕಂಡ ಕನಸು. 1969ರಲ್ಲಿ ಅಮೆರಿಕದ ನಾಸಾ ಜತೆ ಒಪ್ಪಂದ ಆಯ್ತು. ಸಾರಾಭಾಯಿ 1971ರಲ್ಲಿ ತೀರಿಕೊಂಡರು, ಕನಸು ನಡೆಯಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ, ನಾಸಾದ ಎಟಿಎಸ್-6 ಉಪಗ್ರಹ ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಪ್ರಸಾರ. ಇದೇ 'ಸೈಟ್' ಪ್ರಯೋಗ. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿನ ಬಲೆಯಂಥ ತಂತಿಬಲೆಯಿಂದ ಮಾಡಿದ ಹತ್ತು ಅಡಿಯ ಡಿಶ್. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು.

ಸೈಟ್‌ನಲ್ಲಿ ನನಗೆ ಹಿಡಿಸಿದ ಎರಡು ಅಂಶಗಳಿವೆ. ಮೊದಲನೆಯದು ರಿಪೇರಿ. ಸೆಟ್ ಕೆಟ್ಟರೆ ಯಾರು ಹೋಗಬೇಕು ಅನ್ನುವ ವ್ಯವಸ್ಥೆಯನ್ನು ಸೆಟ್ ಕೊಡುವ ಮೊದಲೇ ಮಾಡಿದ್ದರು. ಎರಡನೆಯದು ಶಿಕ್ಷಕರ ತರಬೇತಿ. ಮಕ್ಕಳಿಗೆ ತೋರಿಸಿ ಸುಮ್ಮನಾಗಲಿಲ್ಲ. ಟಿವಿ, ರೇಡಿಯೋ, ಪುಸ್ತಕ, ಮಾಡಿ ನೋಡುವ ಪ್ರಯೋಗ ಎಲ್ಲ ಸೇರಿಸಿ, ಎರಡು ಸುತ್ತಿನಲ್ಲಿ ಸುಮಾರು 50,000 ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಪಾಠದ ತರಬೇತಿ ಕೊಟ್ಟರು. ಒಪ್ಪಂದದ ಅವಧಿ ಮುಗಿದಾಗ ಉಪಗ್ರಹ ವಾಪಸ್ ಹೋಯ್ತು. ಒಂದು ವರ್ಷದ ಮಾತು ಅದು. ನಮ್ಮ ಕರಾವಳಿ ಆ ನಕ್ಷೆಯಲ್ಲೇ ಇರಲಿಲ್ಲ. ಮಂಗಳೂರಿಗೆ ಆಕಾಶವಾಣಿ ನಿಲಯ ಬಂದದ್ದೇ 1976ರ ಡಿಸೆಂಬರ್‌ನಲ್ಲಿ. ಟಿವಿ ಬರಲು ಎಂಬತ್ತರ ದಶಕವೇ ಬೇಕಾಯಿತು. ಅಷ್ಟರಲ್ಲಿ ಟಿವಿ ಪಾಠದ ಪೆಟ್ಟಿಗೆ ಆಗಿ ಉಳಿದಿರಲಿಲ್ಲ.

ಆಮೇಲೆ ಕಂಪ್ಯೂಟರ್. ಇಲ್ಲಿ ಒಂದು ತಮಾಷೆ ಇದೆ. ಈ ಭಾಗದಲ್ಲಿ ಎಂಜಿನಿಯರಿಂಗ್ ಕಾಲೇಜಿಗೆ ಬರ ಇಲ್ಲ. ಕುರುಂಜಿ ವೆಂಕಟ್ರಮಣ ಗೌಡರು ಸುಳ್ಯದಂಥ ಊರಿನಲ್ಲಿ 1986ರಲ್ಲೇ ಎಂಜಿನಿಯರಿಂಗ್ ಕಾಲೇಜು ತೆರೆದರು. ಪುತ್ತೂರಿನಲ್ಲಿ 1958ರಿಂದ ಫಿಲೋಮಿನಾ, 1965ರಿಂದ ವಿವೇಕಾನಂದ ಕಾಲೇಜುಗಳಿವೆ, ಎಂಜಿನಿಯರಿಂಗ್ ಕಾಲೇಜೂ ಇದೆ. ಇಲ್ಲಿ ಓದಿದ ಹುಡುಗರು ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕೂತು ಜಗತ್ತಿಗೆಲ್ಲ ಸಾಫ್ಟ್‌ವೇರ್ ಬರೆಯುತ್ತಾರೆ. ಅವರದೇ ಊರಿನಲ್ಲಿ ತಮ್ಮ, ತಂಗಿ ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುತ್ತಾರೆ.

ಸರ್ಕಾರ ಸುಮ್ಮನೆ ಕೂತಿತ್ತು ಅಂತ ಹೇಳಲಾರೆ. 2000ದ ಆಸುಪಾಸು 'ಮಾಹಿತಿ ಸಿಂಧು' ಅಂತ ಯೋಜನೆ ಬಂತು, ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್. 2004ರ ಡಿಸೆಂಬರ್‌ನಲ್ಲಿ ಕೇಂದ್ರದ ಐಸಿಟಿ ಯೋಜನೆ ಬಂತು. ಆದರೆ ಕಂಪ್ಯೂಟರ್ ಕಲಿಸುವ ಕೆಲಸ ಹೊರಗಿನ ಗುತ್ತಿಗೆಗೆ ಹೋಯ್ತು. ಶಾಲೆಯ ಗಣಿತ ಮೇಷ್ಟ್ರಿಗೂ ಆ ಲ್ಯಾಬಿಗೂ ಸಂಬಂಧ ಇಲ್ಲ. ಗುತ್ತಿಗೆ ಮುಗಿಯಿತು, ಕಲಿಸುವವರು ಹೋದರು, ಯುಪಿಎಸ್ ಬ್ಯಾಟರಿ ಸತ್ತಿತು, ಬಾಗಿಲಿಗೆ ಬೀಗ ಬಿತ್ತು. ಕರಾವಳಿಯ ತೇವದಲ್ಲಿ ಒಂದು ಮಳೆಗಾಲ ಮುಚ್ಚಿಟ್ಟ ಕಂಪ್ಯೂಟರ್ ಏನಾಗುತ್ತದೆ ಅಂತ ಹೇಳಲು ಎಂಜಿನಿಯರ್ ಬೇಕಿಲ್ಲ.

2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆಂದೇ 'ಎಜುಸ್ಯಾಟ್' ಹಾರಿಸಿತು. ಕರ್ನಾಟಕವೇ ಮುಂಚೂಣಿ. ಚಾಮರಾಜನಗರದ 885 ಪ್ರಾಥಮಿಕ ಶಾಲೆಗಳು, ಜತೆಗೆ ವಿಟಿಯು ಕಾಲೇಜುಗಳು. ನಾನು ಅದರ ಪ್ರತ್ಯಕ್ಷ ಸಾಕ್ಷಿ. ನನ್ನ ಕಾಲೇಜಿನಲ್ಲಿ ಒಂದು ಎಜುಸ್ಯಾಟ್ ಕೊಠಡಿ ಇತ್ತು. ಒಳ್ಳೊಳ್ಳೆ ಪ್ರೊಫೆಸರ್‌ಗಳ ಪಾಠ ಪರದೆ ಮೇಲೆ ಬರುತ್ತಿತ್ತು. ನಾವು ಹಿಂದಿನ ಬೆಂಚಲ್ಲಿ ನಿದ್ದೆ ಹೊಡೆಯುತ್ತಿದ್ದೆವು. ಕಾರಣ, ಆ ಪಾಠಕ್ಕೂ ನಮ್ಮ ಕ್ಲಾಸಿಗೂ ಕೊಂಡಿ ಹಾಕುವ ಒಬ್ಬ ಲೆಕ್ಚರರ್ ಕೊಠಡಿಯಲ್ಲಿ ಇರುತ್ತಿರಲಿಲ್ಲ. ಒಂದು ಸೆಮಿಸ್ಟರ್‌ನಲ್ಲಿ ಮಾತ್ರ ಒಬ್ಬ ಮೇಡಂ ಬಂದು ನಮ್ಮ ಜತೆ ಕೂತು, ಪಾಠ ಮುಗಿದ ಮೇಲೆ ಬೋರ್ಡಿನಲ್ಲಿ ಅದೇ ಲೆಕ್ಕ ಮತ್ತೆ ಮಾಡಿಸಿದರು. ನನಗೆ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಏನಾದರೂ ಬರುತ್ತದೆ ಅಂದರೆ ಅದು ಆ ಮೇಡಂ ಕೃಪೆ.

ಹಾಗಾದರೆ ಸರಿಯಾಗಿ ಮಾಡಿದವರು ಯಾರೂ ಇಲ್ವಾ? ಇದ್ದಾರೆ. ನಮ್ಮಲ್ಲೇ ಇದ್ದಾರೆ. 1995ರಲ್ಲಿ ಎಚ್.ಡಿ.ಕೋಟೆಯಲ್ಲಿ ಶುರುವಾದ 'ನಲಿ-ಕಲಿ' ನೆನಪಿದೆಯಾ? ಕಾರ್ಡು, ಚಿತ್ರ, ಏಣಿ. ಸರ್ಕಾರಿ ಶಿಕ್ಷಕರೇ ಕೂತು ತಯಾರಿಸಿದರು, ಅದಕ್ಕೇ ರಾಜ್ಯಕ್ಕೆ ಹರಡಿತು. 2011ರಿಂದ ಪ್ರೌಢಶಾಲಾ ಶಿಕ್ಷಕರ ವಿಷಯವಾರು ವೇದಿಕೆಗಳು ಹುಟ್ಟಿದವು. ಗಣಿತ, ವಿಜ್ಞಾನ, ಸಮಾಜ ಮೇಷ್ಟ್ರುಗಳು ಜಿಯೋಜೀಬ್ರಾದಂಥ ಉಚಿತ ತಂತ್ರಾಂಶ ಕಲಿತು, ತಾವೇ ಕನ್ನಡದಲ್ಲಿ ಪಾಠಸಾಮಗ್ರಿ ಮಾಡಿ, ಪರಸ್ಪರ ಹಂಚಿಕೊಂಡರು. 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ' ಅನ್ನುವ ಭಂಡಾರ ಹೀಗೆ ಬೆಳೆಯಿತು.

ಪುತ್ತೂರಿನವರಿಗೆ ಈ ದಾರಿ ಹೊಸದೇನಲ್ಲ. 1988ರಲ್ಲಿ ಇಲ್ಲೇ ಶುರುವಾದ 'ಅಡಿಕೆ ಪತ್ರಿಕೆ' ಮಾಡಿದ್ದೂ ಇದನ್ನೇ. ವಿಜ್ಞಾನಿ ಬರೆಯುವುದು, ರೈತ ಓದುವುದು ಅನ್ನುವ ಕ್ರಮ ಬಿಟ್ಟು, ಕೃಷಿಕರ ಕೈಗೆ ಲೇಖನಿ ಕೊಟ್ಟರು. ತೋಟದಲ್ಲಿ ಕೆಲಸ ಮಾಡಿದವನೇ ತನ್ನ ಅನುಭವ ಬರೆದ, ಪಕ್ಕದ ತೋಟದವನು ನಂಬಿದ. ಪೇಟೆಯಿಂದ ಬಂದ ಯಂತ್ರವನ್ನು ತನ್ನ ತೋಟಕ್ಕೆ ತಕ್ಕ ಹಾಗೆ ಬಗ್ಗಿಸಿಕೊಳ್ಳುವುದು ಇಲ್ಲಿನ ಕೃಷಿಕರಿಗೆ ಗೊತ್ತು. ಶಾಲೆಯ ಮೇಷ್ಟ್ರಿಗೆ ಆ ಅವಕಾಶ ಯಾಕಿಲ್ಲ?

ಈಗ ಸ್ವಲ್ಪ ಗಡಿ ದಾಟೋಣ. ಸುಳ್ಯದಿಂದ ಜಾಲ್ಸೂರು ದಾಟಿದರೆ ಕಾಸರಗೋಡು. ಅದೇ ಗುಡ್ಡ, ಅದೇ ಮಳೆ, ಅದೇ ಅಡಿಕೆ, ಅದೇ ಕನ್ನಡ ಮಾಧ್ಯಮದ ಮಕ್ಕಳು. 1956ರ ನವೆಂಬರ್ 1ರವರೆಗೆ ಎರಡೂ ಒಂದೇ ಜಿಲ್ಲೆ. ಗೆರೆ ಎಳೆದ ಮೇಲೆ ಆ ಮಕ್ಕಳು ಕೇರಳದವರಾದರು. ಕೇರಳ 2001ರಲ್ಲಿ 'ಐಟಿ@ಸ್ಕೂಲ್' ಶುರು ಮಾಡಿತು. ಹೊರಗಿನವರಿಗೆ ಗುತ್ತಿಗೆ ಕೊಡುವ ಬದಲು ಶಾಲಾ ಶಿಕ್ಷಕರನ್ನೇ ಮಾಸ್ಟರ್ ಟ್ರೈನರ್ ಮಾಡಿದರು. ಉಚಿತ ತಂತ್ರಾಂಶವನ್ನೇ ಬಳಸಿದರು. 2005ರಲ್ಲಿ ಎಜುಸ್ಯಾಟ್ ಮೂಲಕ 'ವಿಕ್ಟರ್ಸ್' ಶೈಕ್ಷಣಿಕ ಚಾನೆಲ್ ಬಂತು, ಅಬ್ದುಲ್ ಕಲಾಂ ಉದ್ಘಾಟಿಸಿದರು. ಮುಂದೆ 45,000 ತರಗತಿಗಳು ಹೈಟೆಕ್ ಆದವು. ಕೊರೋನಾ ಬಂದಾಗ, 2020ರ ಜೂನ್ 1ಕ್ಕೆ, ಅಂದರೆ ಶಾಲೆ ತೆರೆಯಬೇಕಾದ ದಿನವೇ, ಟಿವಿಯಲ್ಲಿ 'ಫಸ್ಟ್ ಬೆಲ್' ಹೊಡೆಯಿತು. ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠ ಮಾಡಿದರು.

ಅಲ್ಲೂ ಟಿವಿ ಇಲ್ಲದ ಮನೆಗಳಿದ್ದವು. ಕಾಸರಗೋಡಿನ ಕನ್ನಡಿಗರಿಗೆ ಭಾಷೆಯ ವಿಷಯದಲ್ಲಿ ಕೇರಳದ ಮೇಲೆ ದೂರುಗಳಿವೆ, ಅವು ನ್ಯಾಯವಾದವೂ ಹೌದು. ಆದರೆ ಒಂದು ಮಾತು ಒಪ್ಪಬೇಕು. ಇಪ್ಪತ್ತು ವರ್ಷ ಶಿಕ್ಷಕರ ಮೇಲೆ ಖರ್ಚು ಮಾಡಿದ್ದರಿಂದ ಕಷ್ಟ ಬಂದ ದಿನ ಅವರ ಕೈಯಲ್ಲಿ ಜನ ಇದ್ದರು.

ನಮ್ಮಲ್ಲಿ? 2020ರ ಜುಲೈ 20ರಿಂದ ಚಂದನ ವಾಹಿನಿಯಲ್ಲಿ 8, 9, 10ನೇ ತರಗತಿಗೆ 'ಸಂವೇದ' ಪಾಠ ಬಂತು. ಆಗಸ್ಟ್‌ನಲ್ಲಿ 'ವಿದ್ಯಾಗಮ'. ಮೇಷ್ಟ್ರು ಊರೂರಿಗೆ ಹೋಗಿ ದೇವಸ್ಥಾನದ ಜಗಲಿ, ಮನೆಯ ಚಾವಡಿಯಲ್ಲಿ ಮಕ್ಕಳನ್ನು ಕೂರಿಸಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ನಮ್ಮ ಚಾನೆಲ್‌ಗಳೂ ಆಗ ವಿದ್ಯಾಗಮದ ಮೇಲೆ ಮುಗಿಬಿದ್ದಿದ್ದೆವು. ಸೋಂಕಿನ ಪ್ರಶ್ನೆ ಸುಳ್ಳಲ್ಲ. ಆದರೆ ಫೋನ್ ಇಲ್ಲದ ಮಗುವಿನ ಮನೆಬಾಗಿಲಿಗೆ ಶಾಲೆ ಹೋದದ್ದು ಆ ಎರಡು ತಿಂಗಳು ಮಾತ್ರ ಅನ್ನುವುದನ್ನು ನಾವು ಹೇಳಲಿಲ್ಲ. 2021ರ ಜುಲೈ 19 ಮತ್ತು 22ರಂದು ಬಹು ಆಯ್ಕೆ ಪ್ರಶ್ನೆಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ರಸ್ತೆ ಬದಿ ಕೂತು ಓದಿದ ಮಕ್ಕಳೂ, ಬೆಂಗಳೂರಿನಲ್ಲಿ ವೈಫೈ ಕೋಣೆಯಲ್ಲಿ ಕೂತವರೂ ಒಂದೇ ಪತ್ರಿಕೆ ಬರೆದರು.

ಆ ಫೋನ್ ಮಾಡಿದ ಮೇಷ್ಟ್ರ ಮಾತು ಕಾಡುತ್ತಲೇ ಇತ್ತು. ಇತ್ತೀಚೆಗೆ ಕಡಬ ತಾಲೂಕಿನ ಒಂದು ಚಿಕ್ಕ ಸರ್ಕಾರಿ ಶಾಲೆಗೆ ಹೋದೆ. ಪುತ್ತೂರು, ಸುಳ್ಯಗಳಿಂದ ಗ್ರಾಮಗಳನ್ನು ತೆಗೆದು ಮಾಡಿದ ಹೊಸ ತಾಲೂಕು ಇದು. ಗೋಡೆಯಲ್ಲಿ ದೊಡ್ಡ ಸ್ಮಾರ್ಟ್ ಟಿವಿ. ಅದರ ಮೇಲೆ ಹೂವಿನ ಚಿತ್ರದ ಬಟ್ಟೆಯ ಕವರ್, ಮದುವೆ ಸೀರೆಗೆ ಹೊದಿಸಿದ ಹಾಗೆ. ಟೀಚರ್ ಒಬ್ಬರೇ, ಕೈಯಲ್ಲಿ ಐದು ತರಗತಿ.

"ಬಳಸ್ತೀರಾ ಮೇಡಂ?" ಅಂದೆ.

"ಬಳಸ್ಲಿಕ್ಕೆ ಆಸೆ ಉಂಟು ಸರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಯಾವಾಗ ಹೋಗ್ತದೆ ಗೊತ್ತಾಗುದಿಲ್ಲ. ಸಿಡಿಲಿಗೆ ಹೆದರಿ ಪ್ಲಗ್ ತೆಗೆದಿಡ್ತೇವೆ. ಮತ್ತೆ, ಒಂದನೇ ಕ್ಲಾಸಿನವರಿಗೆ ಅದನ್ನು ಹಾಕಿ ಕೊಟ್ಟರೆ ಐದನೆಯವರು ಎಲ್ಲಿಗೆ ಹೋಗುದು?"

"ಹಾಳಾದ್ರೆ?"

"ಅದಕ್ಕೇ ಈ ಕವರ್ ಹೊಲಿಸಿದ್ದು."

ಆದರೆ ಅದೇ ಟೀಚರ್ ತಮ್ಮ ಫೋನ್ ತೆಗೆದು ತೋರಿಸಿದರು. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನ ವಿಡಿಯೋಗಳನ್ನು ಮನೆಯ ಹತ್ತಿರ, ಸಿಗ್ನಲ್ ಸಿಗುವ ಕಡೆ ಡೌನ್‌ಲೋಡ್ ಮಾಡಿ ತರ್ತಾರಂತೆ. ಮಕ್ಕಳಿಗೆ ತೋರಿಸಿ, ಬೇಕಾದಲ್ಲಿ ನಿಲ್ಲಿಸಿ, ತುಳುವಿನಲ್ಲಿ ವಿವರಿಸ್ತಾರಂತೆ. ಮಕ್ಕಳು ತಮ್ಮ ಅಜ್ಜಿ ಹೇಳಿದ ಕಥೆಯನ್ನು ಅದೇ ಫೋನಿನಲ್ಲಿ ರೆಕಾರ್ಡ್ ಮಾಡಿ ತಂದು ಕ್ಲಾಸಿನಲ್ಲಿ ಕೇಳಿಸ್ತಾರಂತೆ. ಇದಕ್ಕೆ ಆದೇಶ ಇಲ್ಲ, ಅನುದಾನ ಇಲ್ಲ. ಡೇಟಾ ಖರ್ಚು ಅವರದೇ ಸಂಬಳದಿಂದ.

ನನಗೆ ಮದ್ರಾಸಿನ ಆ ಎಂಟು ವರ್ಷದ ಹುಡುಗ ನೆನಪಾದ. ಬಾಲವನದ ಕಾರಂತರು ನೆನಪಾದರು. ಹೊಯ್ಗೆ ಇರಲಿ, ಅಚ್ಚಿರಲಿ, ಉಪಗ್ರಹ ಇರಲಿ, ಮಗು ಕಲಿತದ್ದು ಸಾಧನವನ್ನು ತನ್ನದು ಮಾಡಿಕೊಂಡ ಒಬ್ಬ ಕಲಿಸುವ ಮನುಷ್ಯ ಪಕ್ಕದಲ್ಲಿ ಇದ್ದಾಗ. ಇಲ್ಲದಿದ್ದಾಗ ಪೆಟ್ಟಿಗೆ ಪೆಟ್ಟಿಗೆಯಾಗಿಯೇ ಉಳಿಯಿತು. ಹಾಗಂತ ಟಿವಿ ಬೇಡ, ಟವರ್ ಬೇಡ ಅಂತಲ್ಲ. ಟವರ್ ಬೇಕೇ ಬೇಕು. ಕರೆಂಟ್ ಹೋದರೂ ಸಾಯದ ಟವರ್ ಬೇಕು. ಆ ಟೀಚರ್ ಗುಡ್ಡ ಹತ್ತದೆ ಪಾಠ ಡೌನ್‌ಲೋಡ್ ಮಾಡುವ ಹಾಗಾಗಬೇಕು. ಅವರ ಜತೆಗೆ ಇನ್ನೊಬ್ಬ ಟೀಚರ್ ಬೇಕು.

ಹಾಗಾಗಿ ವೀಕ್ಷಕರೇ, ನಿಮ್ಮೂರ ಶಾಲೆಗೆ ನಾಳೆ ಸ್ಮಾರ್ಟ್ ಕ್ಲಾಸ್ ಬಂದರೆ ಚಪ್ಪಾಳೆ ತಟ್ಟಿ, ಆದರೆ ರಿಬ್ಬನ್ ಕತ್ತರಿಸಲು ಬಂದವರನ್ನು ನಾಲ್ಕು ಪ್ರಶ್ನೆ ಕೇಳಿ. ಇದನ್ನು ಬಳಸಲು ನಮ್ಮ ಟೀಚರ್‌ಗೆ ಎಷ್ಟು ದಿನ ತರಬೇತಿ ಕೊಟ್ಟಿದ್ದೀರಿ? ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು? ಮಳೆಗಾಲದಲ್ಲಿ ಕರೆಂಟ್ ಎಲ್ಲಿಂದ? ಶಾಲೆಯಲ್ಲಿ ಖಾಲಿ ಇರುವ ಹುದ್ದೆ ಯಾವಾಗ ತುಂಬುತ್ತದೆ? ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ, ಗ್ರಾಮಸಭೆಯಲ್ಲಿ ಕೇಳಿ. ಉತ್ತರ ಸಿಗದಿದ್ದರೆ ನಮಗೆ ಫೋನ್ ಮಾಡಿ. ಈ ಸಲ ಕೊಡೆ ತೋರಿಸಿ ಕೈತೊಳೆದುಕೊಳ್ಳುವುದಿಲ್ಲ ಅಂತ ಆ ಮೇಷ್ಟ್ರಿಗೆ ಮಾತು ಕೊಟ್ಟಿದ್ದೇನೆ.